ನಾಯಿಯ ಕಣ್ಣು, ಹಸುವಿನ ಕಿವಿ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: ಮನೆಯಲ್ಲಿ ಮೂರು ಮಿಶ್ರತಳಿ ಹಸು, ಒಂದು ನಾಯಿ ಇವೆ. ಈದ ನಾಲ್ಕನೇ ದಿನ ಕರುವನ್ನು ಬೇರೆ ಕಟ್ಟಿದ್ದಕ್ಕೆ ತಾಯಿ ಎರಡು ರಾತ್ರಿ ಕೂಗಿತು. “ನಾಯಿಗಾದರೆ ನಮ್ಮ ಮನಸ್ಸು ತಿಳಿಯುತ್ತೆ. ದನಕ್ಕೇನು, ಎರಡು ದಿನ ಕೂಗಿ ಮರೆಯುತ್ತೆ” ಎನ್ನುತ್ತಾರೆ ಅಪ್ಪ. ಕಾಲೇಜಿಗೆ ಹೋಗುವ ಮಗಳು ಒಪ್ಪುವುದಿಲ್ಲ. ಯಾರ ಮಾತು ಸರಿ? ಕರು ಬೇರ್ಪಡಿಸುವುದನ್ನೇ ಬಿಡಬೇಕೆ?

ಉತ್ತರ:

ನಿಮ್ಮ ತಂದೆಯವರ ಮಾತಿನ ಮೊದಲರ್ಧ ನಿಜ. ನಾಯಿಗೆ ಮನುಷ್ಯರ ಮುಖ ಓದಲು ಬರುತ್ತದೆ. ಬಿಡಿಸಲಾಗದ ತೊಡಕು ಎದುರಾದರೆ ನಾಯಿ ತಿರುಗಿ ಜೊತೆಗಿರುವ ಮನುಷ್ಯನ ಮುಖ ನೋಡುತ್ತದೆ, ಕೈಯಾರೆ ಸಾಕಿದ ತೋಳ ಹಾಗೆ ನೋಡುವುದು ಅಪರೂಪ ಎಂದು ಹಂಗೇರಿಯ ಸಂಶೋಧಕರು 2003ರಲ್ಲಿ ತೋರಿಸಿದರು. ನಾಯಿಯೂ ಒಡೆಯನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ನಂಟು ಬೆಸೆಯುವ ಹಾರ್ಮೋನಾದ ಆಕ್ಸಿಟೋಸಿನ್ ಏರುತ್ತದೆ ಎಂಬುದು 2015ರಲ್ಲಿ ಜಪಾನಿನಿಂದ ಬಂದ ವರದಿ. ಆದರೆ ಅದರ ಮುಖದಲ್ಲಿ ಇಲ್ಲದ್ದನ್ನೂ ನಾವು ಓದಿಬಿಡುತ್ತೇವೆ. ತಪ್ಪು ಮಾಡಿ ತಲೆ ತಗ್ಗಿಸಿ ನಿಲ್ಲುವ ನಾಯಿಯನ್ನು ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪರೀಕ್ಷೆಗೆ ಒಡ್ಡಿದರು. ತಪ್ಪು ಮಾಡಿರಲಿ ಬಿಡಲಿ, ಒಡೆಯ ಗದರಿದರೆ ಆ ಮುಖ ಬರುತ್ತಿತ್ತು.

ಇನ್ನು ಕೊಟ್ಟಿಗೆಯ ಕಡೆ ಬನ್ನಿ. ಆಡಿಗೆ ಮುಚ್ಚಳ ತೆಗೆಯಲಾಗದ ಡಬ್ಬಿ ಕೊಟ್ಟರೆ ಅದೂ ನಾಯಿಯಂತೆಯೇ ಮನುಷ್ಯನ ಮುಖ ನೋಡುತ್ತದೆ. ಲಂಡನ್ನಿನ ತಂಡವೊಂದು ಇದನ್ನು 2016ರಲ್ಲಿ ಪ್ರಕಟಿಸಿತು. ಕುರಿ 50 ಕುರಿಗಳ ಮುಖವನ್ನು ಎರಡು ವರ್ಷಕ್ಕೂ ಮಿಕ್ಕಿ ನೆನಪಿಟ್ಟುಕೊಳ್ಳಬಲ್ಲದು ಎಂದು ಗೊತ್ತಾಗಿದ್ದು 2001ರಲ್ಲಿ. ಹಸುವಿನ ವಿಷಯಕ್ಕೆ ಪ್ರಯೋಗಾಲಯವೂ ಬೇಡ, ಹಾಲು ಕರೆಯುವವರಿಗೆ ದಿನಾ ಕಾಣುತ್ತದೆ. ನಾಯಿಯ ಪ್ರೀತಿಗೆ ಸಾಕ್ಷಿ ಎನ್ನುವ ಅದೇ ಆಕ್ಸಿಟೋಸಿನ್ ಹಸುವಿನಲ್ಲಿ ತೊರೆ ಬಿಡಿಸುತ್ತದೆ. ಕರು ಮೂಸಿದಾಗ, ಪರಿಚಿತ ಕೈ ಕೆಚ್ಚಲು ತೊಳೆದಾಗ ಸುಮಾರು ಒಂದು ನಿಮಿಷದಲ್ಲಿ ಹಾಲಿಳಿಯುತ್ತದೆ. ಹಸು ಬೆದರಿದರೆ ಹೆದರಿಕೆಯಲ್ಲಿ ಏರುವ ಅಡ್ರಿನಲಿನ್ ಎಂಬ ಹಾರ್ಮೋನು ಅದನ್ನು ತಡೆಯುತ್ತದೆ. ಹೊಡೆದು ಕಟ್ಟಿದ ದಿನ ಹಾಲು ಕಡಿಮೆಯಾಗುವುದು ಹಸುವಿನ ಹಟದಿಂದಲ್ಲ, ಹೆದರಿಕೆಯಿಂದ.

ಹಸು ಬೇಟೆಗೆ ಸಿಕ್ಕುವ ಪ್ರಾಣಿಯ ಕುಲ, ನೋವನ್ನು ಮುಖದಲ್ಲಿ ತೋರಿಸುವುದು ಕಡಿಮೆ. ಎಲ್ಲಿ ನೋಡಬೇಕೆಂದು ಗೊತ್ತಿರಬೇಕು. ಗಂಗೆದೊಗಲಿನ ಮೇಲೆ, ಕುತ್ತಿಗೆಯ ಕೆಳಭಾಗದಲ್ಲಿ ನಾಲ್ಕೈದು ನಿಮಿಷ ನಿಧಾನವಾಗಿ ನೀವಿ: ಹಿತವಾದರೆ ಕುತ್ತಿಗೆ ಮುಂದಕ್ಕೆ ಚಾಚಿ ಕಿವಿಗಳನ್ನು ಜೋಲು ಬಿಡುತ್ತದೆ. ಹಸುಗಳು ಒಂದನ್ನೊಂದು ನೆಕ್ಕುವುದೂ ಅಲ್ಲೇ. ಕಣ್ಣಿನ ಬಿಳಿಗುಡ್ಡೆ ಅಗಲವಾಗಿ ಕಂಡರೆ, ಮಲಗಿದ್ದರೂ ಮೆಲುಕು ನಿಂತಿದ್ದರೆ ಅದು ನೆಮ್ಮದಿಯಾಗಿಲ್ಲ. ಆರೋಗ್ಯವಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ.

ಕರುವಿನ ಪ್ರಶ್ನೆಗೆ ಬರೋಣ. ಈದ 6 ಗಂಟೆ, 1 ದಿನ ಮತ್ತು 4 ದಿನಕ್ಕೆ ಕರು ಬೇರ್ಪಡಿಸಿ ಕೆನಡಾದಲ್ಲಿ ಹೋಲಿಸಿದಾಗ ಅತಿ ಹೆಚ್ಚು ಕೂಗಿದವು 4 ದಿನದ ಹಸುಗಳೇ. ಅಷ್ಟರಲ್ಲಿ ನಂಟು ಬೆಸೆದಿರುತ್ತದೆ. ನಿಮ್ಮಲ್ಲಿ ಆಗಿದ್ದೂ ಅದೇ. ಹಾಗೆಂದು ಮೊದಲ ದಿನವೇ ಬೇರ್ಪಡಿಸುವುದೇ ಒಳ್ಳೆಯದೆಂದೂ ಅಲ್ಲ. ಹೆಚ್ಚು ದಿನ ತಾಯಿಯ ಜೊತೆಗಿದ್ದ ಕರು ಚೆನ್ನಾಗಿ ಮೈದುಂಬುತ್ತದೆ, ಬೇರೆ ದನಗಳ ಜೊತೆ ಹೊಂದಿಕೊಳ್ಳುವುದನ್ನೂ ಕಲಿಯುತ್ತದೆ. ಕೊಟ್ಟಿಗೆಯಲ್ಲಿ ಜಾಗವಿದ್ದರೆ ಕೆಲವು ವಾರ ಜೊತೆಗಿರಲಿ ಎಂಬುದೇ ನಮ್ಮ ಅಭಿಪ್ರಾಯ.

ಬೇರ್ಪಡಿಸಲೇಬೇಕಾದಾಗ ಹಾಲನ್ನೂ ತಾಯಿಯನ್ನೂ ಒಂದೇ ದಿನ ಕಸಿಯಬೇಡಿ. ತಪ್ಪಾಗುವುದು ಇಲ್ಲಿಯೇ. ಮೊದಲು ಮೊಲೆ ಬಿಡಿಸಿ: ಬಾಯಿಕುಕ್ಕೆ ಕಟ್ಟಿಯೋ, ನಡುವೆ ಗಳ ಹಾಕಿಯೋ, ಕರು ತಾಯಿಯ ಕಣ್ಣೆದುರಿಗೇ ಇರಲಿ, ಮೂತಿಗೆ ಮೂತಿ ತಾಗಲಿ. ಹಾಲನ್ನು ಮೊಲೆತೊಟ್ಟಿನ ಬಕೆಟ್ಟಿನಲ್ಲಿ ಕುಡಿಸಿ. ಮೇಯುವಾಗ, ನೀರು ಕುಡಿಯುವಾಗ ಕುಕ್ಕೆ ಬಿಚ್ಚಿರಬೇಕು. ನಾಲ್ಕೈದು ದಿನ ಕಳೆದ ಮೇಲೆ ದೂರ ಕಟ್ಟಿ. ಹೀಗೆ ಎರಡು ಹಂತದಲ್ಲಿ ಬಿಡಿಸಿದರೆ ಕೂಗು ಬಹುಪಾಲು ತಗ್ಗುತ್ತದೆ. ಕರುವಿನ ಕೂಗಿನಲ್ಲಿ ಹಸಿವಿನ ಪಾಲೂ ಇದೆ. 30 ಕಿಲೋ ಕರುವಿಗೆ ದಿನಕ್ಕೆ 3 ಲೀಟರ್ ಎಂಬ ಹಳೆಯ ಲೆಕ್ಕ ಸಾಲದು, 5ರಿಂದ 6 ಲೀಟರ್ ಬೇಕು. ಗಿಣ್ಣುಹಾಲನ್ನಂತೂ ಹುಟ್ಟಿದ ಎರಡು ಗಂಟೆಯೊಳಗೆ ಕುಡಿಸಲೇಬೇಕು. ಹೋರಿಗರುವಿಗೂ ಇದೇ ಅಳತೆ. ಅದರ ಪಾಲಿನ ಹಾಲು ಉಳಿಸಿ ಡೇರಿಗೆ ಹಾಕುವುದು ಅನ್ಯಾಯ.

ತಾಯಿಯಿಂದ ಬೇರ್ಪಟ್ಟ ಕರುವಿಗೆ ಏನನ್ನಿಸುತ್ತದೆ ಎಂಬುದಕ್ಕೆ ಕೆನಡಾದ್ದೇ ಇನ್ನೊಂದು ಪ್ರಯೋಗ ಉತ್ತರ ಕೊಡುತ್ತದೆ. ಪರದೆಯಲ್ಲಿ ಒಂದು ಬಣ್ಣ ಕಂಡರೆ ಹಾಲುಂಟು, ಇನ್ನೊಂದು ಕಂಡರೆ ಇಲ್ಲ ಎಂದು ಕರುಗಳಿಗೆ ಕಲಿಸಿದರು. ಆಮೇಲೆ ಎರಡರ ನಡುವಿನ ಬಣ್ಣ ತೋರಿಸಿದರು. ಕೊಂಬು ಬೆಳೆಯದಂತೆ ಅದರ ಬುಡ ಸುಡಿಸಿಕೊಂಡ ಕರುಗಳು ‘ಹಾಲಿರಲಾರದು’ ಎಂಬಂತೆ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದವು. ತಾಯಿಯಿಂದ ಬೇರ್ಪಟ್ಟ ಕರುಗಳೂ ಹಾಗೆಯೇ ಮಾಡಿದವು. ನಿಮ್ಮ ಮಗಳಿಗೆ ಇದನ್ನು ಹೇಳಿ.

ಕೊಂಬಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಂ ನಾಯಿಗೂ ಹಸುವಿಗೂ ಒಂದೇ: ಅನಗತ್ಯ ನೋವು ತಡೆಯುವುದು ಸಾಕಿದವರ ಹೊಣೆ. ಆದರೆ 11ನೇ ಕಲಮಿನಲ್ಲಿ, ನಿಗದಿತ ರೀತಿಯಲ್ಲಿ ದನದ ಕೊಂಬು ತೆಗೆಯುವುದಕ್ಕೆ, ಬೀಜ ಒಡೆಯುವುದಕ್ಕೆ ವಿನಾಯಿತಿ ಇದೆ. ಕಾನೂನು ಬಿಟ್ಟಿತೆಂದು ನೋವು ಬಿಡುವುದಿಲ್ಲ. ಪಶುವೈದ್ಯರಿಂದಲೇ ಮಾಡಿಸಿ. ಪ್ರತಿ ಬದಿಗೆ ಸುಮಾರು 5 ಮಿ.ಲೀ. ಶೇ. 2ರ ಲಿಗ್ನೊಕೇಯ್ನ್ ಎಂಬ ಜೋಮು ಹಿಡಿಸುವ ಮದ್ದು ಚುಚ್ಚಿ, ಹತ್ತು ನಿಮಿಷ ಕಾದು, ಕೊಂಬಿನ ಬುಡಕ್ಕೆ ಸೂಜಿ ತಾಗಿಸಿ ಜೋಮು ಹಿಡಿದಿದೆಯೇ ನೋಡಿದ ಮೇಲೆಯೇ ಕಾದ ಕಬ್ಬಿಣ ಇಡಬೇಕು. ಜೋಮು ಕೆಲವೇ ಗಂಟೆಯಲ್ಲಿ ಇಳಿದುಹೋಗುತ್ತದೆ, ಉರಿ ಉಳಿಯುತ್ತದೆ. ಅದಕ್ಕೆ ನೋವು ತಗ್ಗಿಸುವ ಮೆಲೋಕ್ಸಿಕಾಂ ಕೂಡ ಕೊಡಿ ಎಂದು ಕೇಳಿ. ತಾಯಿಯಿಂದ ಬಿಡಿಸಿದ ವಾರದಲ್ಲಿ ಇದನ್ನು ಮಾಡಿಸಲೇಬೇಡಿ.

ಬೇರ್ಪಡಿಸುವುದನ್ನು ಬಿಡಿ ಎಂದು ನಾವು ಹೇಳುವುದಿಲ್ಲ, ನಿಮ್ಮ ಸಂಸಾರ ನಡೆಯುವುದೂ ಆ ಹಾಲಿನಿಂದ. ಆದರೆ ನಾಯಿ ಮುಖ ನೋಡಿ ಕೇಳುತ್ತದೆಂದು ಅದಕ್ಕೆ ಕೊಡುವ ಲಕ್ಷ್ಯವನ್ನು, ಹಸು ಕೇಳಲಿಲ್ಲವೆಂದು ತಪ್ಪಿಸುವುದು ಸರಿಯಲ್ಲ. ಮುಂದಿನ ಈತಿನಲ್ಲಿ ಎರಡು ಹಂತದ ಕ್ರಮ ಮಾಡಿ ನೋಡಿ. ತಾಯಿ ಎಷ್ಟು ಹೊತ್ತು ಕೂಗಿತು, ಮೆಲುಕು ಯಾವಾಗ ಶುರುವಾಯಿತು, ಹಾಲು ಎಷ್ಟು ಇಳಿಯಿತು ಎಂದು ಮಗಳು ಒಂದು ವಾರ ಬರೆದಿಡಲಿ. ಆ ಲೆಕ್ಕವನ್ನು ನಮಗೂ ಕಳಿಸಿ.