ಹಿಂದಿನವರ ಹೆಸರು ಹುಡುಕುವವರು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ತನ್ನ ವಂಶದ ಮೂಲವನ್ನು ಹುಡುಕಬೇಕೆಂಬ ಹಂಬಲ ಮನುಷ್ಯನಿಗೆ ಏಕೆ ಹುಟ್ಟುತ್ತದೆ ಎಂಬುದು ಎಲ್ಲವುಗಳ ಒಳಗಿರುವ ಪ್ರಶ್ನೆಯಾದ್ದರಿಂದ, ಈ ಸಲದ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಂದೆಯವರು ನಿವೃತ್ತರಾಗಿ ಮೂರು ವರ್ಷಗಳಾದವು. ಕಳೆದ ವರ್ಷ ಅಮ್ಮ ತೀರಿಕೊಂಡರು. ಅಂದಿನಿಂದ ಅಪ್ಪ ಒಂದು ದಪ್ಪ ನೋಟ್‌ಬುಕ್ ಹಿಡಿದು ವಂಶವೃಕ್ಷ ಬರೆಯುತ್ತ ಕುಳಿತಿದ್ದಾರೆ. ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದ ನೆಂಟರಿಗೂ ಫೋನ್ ಮಾಡಿ ಯಾರು ಯಾವಾಗ ಹುಟ್ಟಿದರು, ಯಾವಾಗ ತೀರಿಕೊಂಡರು ಎಂದು ಕೇಳುತ್ತಾರೆ. ನಾವು ಚಿಕ್ಕವರಿದ್ದಾಗ ತಮ್ಮ ತಂದೆಯ ಬಗ್ಗೆ ಒಂದು ಮಾತೂ ಆಡದಿದ್ದವರು ಇವರು. ಇದು ಹೊತ್ತು ಕಳೆಯುವ ಹವ್ಯಾಸವೇ, ದುಃಖದ ಲಕ್ಷಣವೇ?

ಉತ್ತರ: ಹೊತ್ತು ಕಳೆಯಲು ಸುಲಭದ ದಾರಿಗಳು ಬೇಕಾದಷ್ಟಿವೆ. ಮಾತು ಬಿಟ್ಟ ನೆಂಟರಿಗೆ ತಾವಾಗಿಯೇ ಫೋನ್ ಮಾಡುವುದು ಅಂಥ ಸುಲಭದ ಕೆಲಸವಲ್ಲ. ದುಃಖವಂತೂ ಇದ್ದೇ ಇದೆ, ಆದರೆ ಅದನ್ನು ಕಾಯಿಲೆಯೆಂದು ಎಣಿಸಬೇಕಾಗಿಲ್ಲ. ವಯಸ್ಸಾದವರು ಹಳೆಯದನ್ನೇ ಮೆಲುಕು ಹಾಕುತ್ತಿದ್ದರೆ ಬುದ್ಧಿ ಮಂಕಾಗುತ್ತಿದೆ ಎಂದು ವೈದ್ಯರೂ ಒಂದು ಕಾಲದಲ್ಲಿ ತಿಳಿಯುತ್ತಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಪ್ರಕಟಿಸಿದ ಲೇಖನವೊಂದು ಈ ತಿಳಿವಳಿಕೆಯನ್ನು ಅಲುಗಾಡಿಸಿತು. ಕೊನೆ ಹತ್ತಿರವಾಗುತ್ತಿದೆ ಎಂಬ ಅರಿವು ಮೂಡಿದಾಗ, ಬಾಳಿದ ಬಾಳನ್ನು ಮತ್ತೊಮ್ಮೆ ತೆರೆದು ನೋಡಿ, ಇತ್ಯರ್ಥವಾಗದೆ ಉಳಿದದ್ದನ್ನು ಇತ್ಯರ್ಥಪಡಿಸಿಕೊಳ್ಳಲು ಯತ್ನಿಸುವುದು ಮನಸ್ಸಿನ ಸಹಜ ವ್ಯಾಪಾರ ಎಂದು ಅವರು ವಾದಿಸಿದರು. ಮನುಷ್ಯನ ಆಯುಸ್ಸನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದ ಎರಿಕ್ ಎರಿಕ್ಸನ್ ಅವರ ಪ್ರಕಾರ, ಮುಂದಿನವರಿಗೆ ಏನನ್ನು ಬಿಟ್ಟುಹೋಗುತ್ತೇನೆ ಎಂಬ ಚಿಂತೆ ನಡುವಯಸ್ಸಿನದು, ಬದುಕಿದ್ದು ಸಾರ್ಥಕವಾಯಿತೇ ಎಂಬ ಚಿಂತೆ ಕೊನೆಯ ಘಟ್ಟದ್ದು. ನಿಮ್ಮ ತಂದೆಯ ನೋಟ್‌ಬುಕ್ಕಿನಲ್ಲಿ ಎರಡೂ ಇವೆ.

ಆದರೆ ಈ ವಿವರಣೆ ವಯಸ್ಸಾದ ಯಾರಿಗಾದರೂ ಹೊಂದುವಂಥದ್ದು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಹುಡುಕಾಟ ಆರಂಭವಾದದ್ದು ನಿವೃತ್ತಿಯ ದಿನ ಅಲ್ಲ, ನಿಮ್ಮ ತಾಯಿ ಹೋದ ಮೇಲೆ. ಯಾರು ಯಾರ ಮಗ, ಯಾವ ಮದುವೆಯ ವರ್ಷ ಯಾವ ಮಗು ಹುಟ್ಟಿತು, ಯಾರೊಡನೆ ಯಾರಿಗೆ ಏಕೆ ಮುನಿಸು ಎಂಬ ಲೆಕ್ಕವನ್ನೆಲ್ಲ ಎಷ್ಟೋ ಮನೆಗಳಲ್ಲಿ ಹೆಂಗಸರೊಬ್ಬರು ಬಾಯಲ್ಲೇ ಇಟ್ಟುಕೊಂಡಿರುತ್ತಾರೆ. ಅವರಿರುವ ತನಕ ಅದನ್ನು ಬರೆದಿಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ, ಏಕೆಂದರೆ ಕೇಳಿದರೆ ಸಾಕು, ಉತ್ತರ ಸಿಗುತ್ತದೆ. ಅವರು ಹೋದ ದಿನ ಆ ಪುಸ್ತಕವೂ ಮುಚ್ಚಿಹೋಗುತ್ತದೆ. ನೆಂಟರಿಗೆಲ್ಲ ಫೋನ್ ಮಾಡುವಾಗ ನಿಮ್ಮ ತಂದೆ ತಮ್ಮ ತಂದೆಯನ್ನು ಹುಡುಕುತ್ತಿದ್ದಾರೆ ಎಂದು ನೀವು ಭಾವಿಸಿದ್ದೀರಿ. ನಿಮ್ಮ ತಾಯಿ ಮಾಡುತ್ತಿದ್ದ ಕೆಲಸವನ್ನು ಅವರೀಗ ಮುಂದುವರಿಸುತ್ತಿದ್ದಾರೆ ಎಂದು ನನಗೆ ತೋರುತ್ತದೆ.

ಇದಕ್ಕೆ ಸಂಬಂಧಿಸಿದ ಒಂದು ವಸ್ತು ನನ್ನ ಮೇಜಿನ ಖಾನೆಯಲ್ಲೇ ಇದೆ. ಒಂಬತ್ತು ಜನರ ಗುಂಪಿನ ಫೋಟೊ ಅದು. ಅಂಚು ಮಡಿಸಿ ಬಿಳಿಚಿದೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದಿದ್ದಾರೆ. ಏಳು ಹೆಸರುಗಳು ಸ್ಪಷ್ಟವಾಗಿವೆ, ಎಂಟನೆಯದರ ಜಾಗದಲ್ಲಿ ‘ಇವಳ ತಂಗಿ’ ಎಂದಷ್ಟೇ ಇದೆ, ಒಂಬತ್ತನೆಯದಕ್ಕೆ ಏನೂ ಇಲ್ಲ. ‘ಇವಳು’ ಯಾರೆಂದು ಬರೆದವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಮುಂದೊಂದು ದಿನ ಯಾರಿಗೂ ಗೊತ್ತಿರುವುದಿಲ್ಲ ಎಂಬ ಸಂಶಯವೇ ಅವರಿಗೆ ಬರಲಿಲ್ಲ. ಆ ಅಕ್ಷರ ನನ್ನ ತಾಯಿಯದು. ಇಪ್ಪತ್ತು ವರ್ಷ ಆ ಫೋಟೊ ಗೋಡೆಯ ಮೇಲಿತ್ತು, ಒಮ್ಮೆಯೂ ಕೇಳಲಿಲ್ಲ, ಕೇಳಬೇಕೆನ್ನಿಸಿದಾಗ ಹೇಳುವವರಿರಲಿಲ್ಲ.

ಕೊಂಡಿ ಕಳಚಿದ ಕಡೆಯಲ್ಲೇ ಹುಡುಕಾಟ ಹುಟ್ಟುತ್ತದೆ ಎಂಬ ನನ್ನ ಅಭಿಪ್ರಾಯ ಬಲವಾದದ್ದು ಆಗ. ಹಿಂದೆ ರಾಜವಂಶದವರೂ ಜಮೀನ್ದಾರರೂ ವಂಶಾವಳಿ ಬರೆಸಿದರು, ನಿಜ. ಆದರೆ ಅದು ಪಟ್ಟಕ್ಕೋ ಆಸ್ತಿಗೋ ಹಕ್ಕು ಸಾಧಿಸುವ ದಸ್ತಾವೇಜಾಗಿತ್ತು, ಹಂಬಲವಲ್ಲ. ಹಂಬಲದ ತೀವ್ರತೆಯನ್ನು ನೋಡಬೇಕಾದರೆ ಕೊಂಡಿಯನ್ನು ಬೇರೆಯವರು ಬಲವಂತವಾಗಿ ಕತ್ತರಿಸಿದ ಕಡೆ ನೋಡಬೇಕು. ಅಮೆರಿಕದಲ್ಲಿ ಗುಲಾಮರಾಗಿದ್ದವರ ವಂಶಸ್ಥರು ತಮ್ಮ ಹಿರಿಯರನ್ನು ಹುಡುಕುತ್ತ ಹಿಂದೆ ಹೋದರೆ, 1870ರ ಜನಗಣತಿಯ ಬಳಿ ಗೋಡೆಯೊಂದು ಎದುರಾಗುತ್ತದೆ. ಅದಕ್ಕೂ ಹಿಂದಿನ 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ, ಅದರ ಕೆಳಗೆ ಗುಲಾಮರ ವಯಸ್ಸು, ಲಿಂಗ, ಮೈಬಣ್ಣ ಇವೆ. ಅವರ ಹೆಸರುಗಳು ಸಾಮಾನ್ಯವಾಗಿ ಇಲ್ಲ. ‘ಹೆಣ್ಣು, 30’ ಎಂಬ ಸಾಲೊಂದನ್ನು ನೋಡುತ್ತ, ಈಕೆಯೇ ನನ್ನ ಮುತ್ತಜ್ಜಿಯ ತಾಯಿಯಿರಬಹುದೇ ಎಂದು ಗಂಟೆಗಟ್ಟಲೆ ಕೂರುವವರಿದ್ದಾರೆ. ಐರ್ಲೆಂಡಿನಲ್ಲಿ 1922ರ ಅಂತರ್ಯುದ್ಧದ ವೇಳೆ ಡಬ್ಲಿನ್ನಿನ ದಾಖಲೆಗಳ ಭಂಡಾರ ಹೊತ್ತಿ ಉರಿದಾಗ 1821ರಿಂದ 1851ರವರೆಗಿನ ಜನಗಣತಿಗಳ ಬಹುಪಾಲು ಹಾಳೆಗಳು ಬೂದಿಯಾದವು. ದೇಶ ಬಿಟ್ಟು ವಲಸೆ ಹೋದ ಐರಿಷರ ಮರಿಮಕ್ಕಳು ಇಂದಿಗೂ ಚರ್ಚಿನ ಪುಸ್ತಕ, ಜಮೀನಿನ ಲೆಕ್ಕಪತ್ರ ಮುಂತಾದವುಗಳನ್ನು ಹಿಡಿದು ಆ ತೂತನ್ನು ಮುಚ್ಚಲು ಹೆಣಗುತ್ತಿದ್ದಾರೆ.

ನೀವೇನು ಮಾಡಬೇಕೆಂದು ಕೇಳಿಲ್ಲವಾದರೂ ಹೇಳುತ್ತೇನೆ. ವಾರಕ್ಕೊಮ್ಮೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ, ಸಾಧ್ಯವಿದ್ದರೆ ಮಕ್ಕಳನ್ನೂ ಕೂರಿಸಿ. ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಎಂಬ ಮನೋವಿಜ್ಞಾನಿಗಳು, ಅಜ್ಜ-ಅಜ್ಜಿ ಎಲ್ಲಿ ಬೆಳೆದರು, ತಂದೆತಾಯಿ ಹೇಗೆ ಭೇಟಿಯಾದರು ಎಂಬಂಥ 20 ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿ, ಉತ್ತರ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚಾಗಿರುವುದನ್ನು ಗಮನಿಸಿದರು. ಇದನ್ನು ಓದಿ ಮಕ್ಕಳಿಗೆ ಮುತ್ತಜ್ಜನ ಹೆಸರು ಬಾಯಿಪಾಠ ಮಾಡಿಸಲು ಹೊರಟವರಿದ್ದಾರಂತೆ! ಉತ್ತರ ತಿಳಿದ ಮಾತ್ರಕ್ಕೆ ಗುಣ ಬರುವುದಿಲ್ಲ, ಹಿರಿಯರು ಕೂತು ಹೇಳುವ, ಕಿರಿಯರು ಕೂತು ಕೇಳುವ ಒಡನಾಟದಲ್ಲಿ ಅದು ಬರುತ್ತದೆ ಎಂದು ಡ್ಯೂಕ್ ಅವರೇ ಆಮೇಲೆ ಎಚ್ಚರಿಸಬೇಕಾಯಿತು.

ಪ್ರಶ್ನೆ: ನನಗೆ 23 ವರ್ಷ. ನಾನು ದತ್ತು ಮಗಳೆಂದು ಅಪ್ಪ-ಅಮ್ಮ ಚಿಕ್ಕಂದಿನಲ್ಲೇ ಹೇಳಿದ್ದಾರೆ. ಅವರ ಪ್ರೀತಿಯಲ್ಲಿ ಯಾವ ಕೊರತೆಯೂ ಇಲ್ಲ. ಆದರೂ ಹೆತ್ತವರು ಯಾರೆಂದು ತಿಳಿಯುವ ಆಸೆ ಬಿಡುತ್ತಿಲ್ಲ. ಇದು ಕೃತಘ್ನತೆಯೇ?

ಉತ್ತರ: ಅಲ್ಲ, ತಾಯಿ. ಕೊರತೆ ಇದ್ದವರು ಮಾತ್ರ ಹುಡುಕುತ್ತಾರೆ ಎಂಬುದು ತಪ್ಪು ಕಲ್ಪನೆ. ಆಸ್ಪತ್ರೆಯಲ್ಲಿ ತುಂಬಿಸಿಕೊಳ್ಳುವ ಕಾಗದದಲ್ಲಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ ಎಂಬ ಸಾಲು ಬಂದಾಗ ಉಳಿದವರು ಯೋಚಿಸದೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ನಿಮ್ಮ ಪೆನ್ನು ಅಲ್ಲಿ ನಿಲ್ಲುತ್ತದೆ. ಕನ್ನಡಿಯಲ್ಲಿ ಕಾಣುವ ಮೂಗು ಯಾರದ್ದೆಂಬ ಪ್ರಶ್ನೆಯೂ ಅದೇ ಜಾತಿಯದು. ಅದಕ್ಕೂ ಸಾಕಿದವರ ಮೇಲಿನ ಪ್ರೀತಿಗೂ ಸಂಬಂಧವಿಲ್ಲ.

ಕಾನೂನು ಕೂಡ ನಿಧಾನವಾಗಿ ಈ ಆಸೆಯನ್ನು ಹಕ್ಕೆಂದು ಒಪ್ಪಿಕೊಳ್ಳುತ್ತ ಬಂದಿದೆ. ಪ್ರಾಯಕ್ಕೆ ಬಂದ ದತ್ತು ಮಕ್ಕಳಿಗೆ ತಮ್ಮ ಮೂಲ ಜನನ ದಾಖಲೆ ನೋಡುವ ಅವಕಾಶ ಸ್ಕಾಟ್ಲೆಂಡಿನಲ್ಲಿ 1930ರಿಂದಲೇ ಇತ್ತು. ಇಂಗ್ಲೆಂಡ್ ಮತ್ತು ವೇಲ್ಸ್ ಅದನ್ನು 1975ರ ಕಾಯ್ದೆಯಿಂದ ಕೊಟ್ಟವು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಏಳನೆಯ ವಿಧಿ, ಸಾಧ್ಯವಿರುವ ಮಟ್ಟಿಗೆ ತನ್ನ ತಂದೆತಾಯಿ ಯಾರೆಂದು ತಿಳಿಯುವುದು ಮಗುವಿನ ಹಕ್ಕು ಎನ್ನುತ್ತದೆ. ಆದರೆ ದಾಖಲೆ ನೋಡುವ ಕ್ರಮ ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುವುದರಿಂದ, ಮೊದಲು ನಿಮ್ಮ ದತ್ತು ಪ್ರಕ್ರಿಯೆ ನಡೆದ ಸಂಸ್ಥೆಯಲ್ಲೋ ವಕೀಲರಲ್ಲೋ ವಿಚಾರಿಸುವುದು ಒಳ್ಳೆಯದು. ಒಂದು ಮಾತು ಮಾತ್ರ ನೆನಪಿರಲಿ: ತಿಳಿಯುವ ಆಸೆ ನಿಮ್ಮದಾದಂತೆ, ಸಿಗದೆ ಇರುವ ಆಸೆ ಆ ಕಡೆಯವರದೂ ಆಗಿರಬಹುದು. ಅಪ್ಪ-ಅಮ್ಮನಿಗೆ ಮುಚ್ಚಿಟ್ಟು ಹೊರಡಬೇಡಿ. ಚಿಕ್ಕಂದಿನಲ್ಲೇ ನಿಜ ಹೇಳಿದವರು ಈ ನಿಜವನ್ನೂ ತಾಳಿಕೊಳ್ಳುತ್ತಾರೆಂದು ನನ್ನ ನಂಬಿಕೆ.

ಪ್ರಶ್ನೆ: ನದೀಮೂಲ, ಋಷಿಮೂಲ ಕೆದಕಬಾರದೆಂದು ಹಿರಿಯರು ಹೇಳಿದ್ದಾರೆ. ವಂಶ ಹುಡುಕುವವರೆಲ್ಲ ಕೊನೆಗೆ ಯಾರೋ ರಾಜನ ಬಳಿಯೇ ಹೋಗಿ ನಿಲ್ಲುವುದನ್ನು ನೋಡಿದರೆ ಇದು ಬರೀ ಒಣಜಂಭ ಅನ್ನಿಸುವುದಿಲ್ಲವೇ?

ಉತ್ತರ: ಒಣಜಂಭ ಇರುವವರೂ ಇದ್ದಾರೆ, ಅವರಿಗೆ ಉತ್ತರ ಕೊಡಲು ಗಣಿತವೇ ಸಾಕು. ತಂದೆತಾಯಿ ಇಬ್ಬರು, ಅಜ್ಜ-ಅಜ್ಜಿಯರು ನಾಲ್ವರು, ಹೀಗೆ ಇಮ್ಮಡಿಯಾಗುತ್ತ ಹೋದರೆ ಹತ್ತನೆಯ ತಲೆಮಾರಿನಲ್ಲಿ 1,024 ಜನ, ಇಪ್ಪತ್ತನೆಯದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು, ಮೂವತ್ತನೆಯದರಲ್ಲಿ ನೂರು ಕೋಟಿಗೂ ಹೆಚ್ಚು. ಮೂವತ್ತು ತಲೆಮಾರಿನ ಹಿಂದೆ ಇಡೀ ಭೂಮಿಯಲ್ಲಿ ಅಷ್ಟು ಜನರೇ ಇರಲಿಲ್ಲ. ಅಂದರೆ ಒಬ್ಬನೇ ಪೂರ್ವಜ ನಮ್ಮ ವಂಶವೃಕ್ಷದಲ್ಲಿ ಹತ್ತಾರು, ನೂರಾರು ಕೊಂಬೆಗಳ ಮೇಲೆ ಕೂತಿದ್ದಾನೆ, ನಿಮ್ಮ ಮರದಲ್ಲಿರುವವನು ನನ್ನದರಲ್ಲೂ ಇದ್ದಾನೆ. ರಾಜನೊಬ್ಬ ಸಿಕ್ಕರೆ ಅವನ ಕುದುರೆ ತೊಳೆಯುತ್ತಿದ್ದವನೂ ಸಿಕ್ಕೇ ಸಿಗುತ್ತಾನೆ. ದಾಖಲೆಯಲ್ಲಿ ಉಳಿದವನು ರಾಜ, ಅಷ್ಟೇ. ಇನ್ನು ರಕ್ತದ ಮಾತು. ಪ್ರತಿ ತಲೆಮಾರಿನಲ್ಲೂ ಡಿಎನ್ಎಯ ಅರ್ಧ ಭಾಗ ಮಾತ್ರ ಮಗುವಿಗೆ ದಾಟುವುದರಿಂದ, ಹತ್ತು ತಲೆಮಾರು ಹಿಂದಿನ ಎಷ್ಟೋ ಪೂರ್ವಜರ ಒಂದು ತುಣುಕೂ ನಮ್ಮಲ್ಲಿ ಉಳಿದಿರುವುದಿಲ್ಲ.

ಆದರೆ ನಾನು ಕಂಡ ಹುಡುಕಾಟಗಾರರಲ್ಲಿ ಜಂಭದವರು ಬೇಗ ಬಿಟ್ಟುಬಿಡುತ್ತಾರೆ. ವರ್ಷಗಟ್ಟಲೆ ಅಂಟಿಕೊಳ್ಳುವವರನ್ನು ಹಿಡಿದಿಡುವುದು ಒಗಟು ಬಿಡಿಸುವ ಸುಖ. ಅವರು ಬಳಸುವ ಒಂದು ಅಂಕಿ ಹಾಕುವ ಕ್ರಮವಿದೆ. ನೀವು 1, ತಂದೆ 2, ತಾಯಿ 3. ಯಾರ ಅಂಕಿಯನ್ನಾದರೂ ಇಮ್ಮಡಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ಅವರ ತಾಯಿ. ಈಗ 25 ಯಾರು? ಬೆಸ ಅಂಕಿಯಾದರೆ ಒಂದು ಕಳೆದು, ಅರ್ಧ ಮಾಡುತ್ತ ಬನ್ನಿ: 12, 6, 3, 1. ತಾಯಿಯ ತಂದೆಯ ತಂದೆಯ ತಾಯಿ. ಸಮ ಅಂಕಿಗಳೆಲ್ಲ ಗಂಡಸರು, ಒಂದನ್ನು ಬಿಟ್ಟು ಬೆಸ ಅಂಕಿಗಳೆಲ್ಲ ಹೆಂಗಸರು. ಈ ಪಟ್ಟಿಯನ್ನು ತುಂಬುತ್ತ ಹೋದ ಹಾಗೆ ಬೆಸ ಅಂಕಿಗಳ ಮುಂದಿನ ಜಾಗ ಮೊದಲು ಖಾಲಿ ಬೀಳುತ್ತದೆ. ತಂದೆಯಿಂದ ಮಗನಿಗೆ ಹೆಸರೂ ಆಸ್ತಿಯೂ ದಾಟಿದ ಸಮಾಜಗಳ ದಾಖಲೆಗಳಲ್ಲಿ ಹೆಂಗಸು ಇಂಥವನ ಹೆಂಡತಿ, ಇಂಥವನ ಮಗಳು ಮಾತ್ರ. ಮೇಲೆ ಹೇಳಿದ ‘ಇವಳ ತಂಗಿ’ ಬರೀ ನಮ್ಮ ಮನೆಯವಳಲ್ಲ.

ಗಾದೆಯ ಎಚ್ಚರಿಕೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಕೆದಕಿದರೆ ಬಚ್ಚಿಟ್ಟ ಮದುವೆ, ಬಿಟ್ಟುಹೋದ ಮಗು, ಸೆರೆವಾಸ, ಯಾವುದೂ ಸಿಗಬಹುದು. ಡಿಎನ್ಎ ಪರೀಕ್ಷೆಗೆ ಎಂಜಲು ಕಳಿಸುವವರಂತೂ ತಮ್ಮ ಗುಟ್ಟಿನ ಜೊತೆ ಅಣ್ಣತಮ್ಮಂದಿರ, ದೂರದ ದಾಯಾದಿಗಳ ಗುಟ್ಟನ್ನೂ ಅವರನ್ನು ಕೇಳದೆ ಕಳಿಸಿದಂತೆಯೇ. ಕ್ಯಾಲಿಫೋರ್ನಿಯದಲ್ಲಿ ದಶಕಗಳ ಕಾಲ ಸಿಕ್ಕದಿದ್ದ ಸರಣಿ ಕೊಲೆಗಾರನೊಬ್ಬನನ್ನು 2018ರಲ್ಲಿ ಪೊಲೀಸರು ಹಿಡಿದದ್ದು, ವಂಶ ಹುಡುಕುವ ಹವ್ಯಾಸಿಗಳ ಡಿಎನ್ಎ ಸಂಗ್ರಹದಲ್ಲಿದ್ದ ಅವನ ದೂರದ ನೆಂಟರ ಮೂಲಕ. ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ ಆಯಿತು, ಆದರೆ ಆ ನೆಂಟರು ಎಂಜಲು ಕೊಟ್ಟದ್ದು ಅದಕ್ಕಲ್ಲ.

ಪ್ರಶ್ನೆ: ನನಗೂ ಆಸಕ್ತಿ ಮೂಡಿದೆ. ಮನೆಯಲ್ಲಿ 88 ವರ್ಷದ ದೊಡ್ಡಮ್ಮ ಇದ್ದಾರೆ. ಏನು ಕೇಳಿದರೂ ‘ನಂಗೇನೂ ನೆನಪಿಲ್ಲಪ್ಪ’ ಎನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಇಸವಿ ಕೇಳಬೇಡಿ, ಹೆಸರುಗಳನ್ನೂ ಮೊದಲಿಗೆ ಕೇಳಬೇಡಿ. ಇಸವಿ ಕೇಳಿದರೆ ವಯಸ್ಸಾದವರಿಗೆ ಪರೀಕ್ಷೆಗೆ ಕೂತಂತಾಗುತ್ತದೆ. ಹಳೆಯ ಫೋಟೊ ಒಂದನ್ನು ಅವರ ಕೈಗೆ ಕೊಟ್ಟು ಸುಮ್ಮನಿರಿ. ಅವರೇ ಯಾರದೋ ಮುಖದ ಮೇಲೆ ಬೆರಳಿಡುತ್ತಾರೆ. ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವುದಾದರೆ ಅವರ ಒಪ್ಪಿಗೆ ಪಡೆಯಿರಿ. ಆಮೇಲೆ ಫೋಟೊದ ಹಿಂಬದಿಯಲ್ಲಿ, ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಪ್ರತಿಯೊಬ್ಬರ ಪೂರ್ತಿ ಹೆಸರು ಬರೆಯಿರಿ, ನಿಮ್ಮ ದೊಡ್ಡಮ್ಮನದು ಸೇರಿದಂತೆ. ‘ದೊಡ್ಡಮ್ಮ’ ಎಂದಷ್ಟೇ ಬರೆದು ಬಿಡಬೇಡಿ.