ಬೇಟೆ, ಆಯುಧ ಮತ್ತು ನಾಡಿನ ಗುರುತು: ಬೀಳಗಿಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಬೇಟೆಯೇ ನಮ್ಮ ನಾಡಿನ ಶೌರ್ಯದ ಗುರುತಾಗಿತ್ತು, ಹಲಗಲಿಯ ಬೇಡರು ದಂಗೆ ಎದ್ದದ್ದೂ ಅದನ್ನು ಉಳಿಸಿಕೊಳ್ಳುವುದಕ್ಕಾಗಿಯೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಗುರುತನ್ನು ಅಳಿಸಿಹಾಕಿತು ಎಂದು ತಾವು ಬೀಳಗಿಯಿಂದ ಬರೆದಿದ್ದೀರಿ. ತಮ್ಮ ಅಭಿಮಾನ ನನ್ನದೂ ಹೌದು. ಆದರೆ ಬಡವರ ಬೇಟೆಯನ್ನೂ ಅರಸರ ಶಿಕಾರಿಯನ್ನೂ ತಾವು ಒಂದೇ ಎಂದು ಎಣಿಸಿದ್ದೀರಿ; ನನ್ನ ತಕರಾರು ಇರುವುದು ಅಲ್ಲಿ.

1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಕೂಡದೆಂದು ವಿಧಿಸಿದಾಗ, ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. ಬೇಡರಿಗೆ ಆಯುಧವೆಂದರೆ ಹೊಟ್ಟೆಪಾಡು. ಅದಕ್ಕಿಂತ ಹೆಚ್ಚಾಗಿ ಅದು ಅವರ ಮಾನವಾಗಿತ್ತು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ನಮ್ಮ ಭಾಗದ ಲಾವಣಿಯಲ್ಲಿ ಇಂದಿಗೂ ಜೀವಂತವಾಗಿವೆ. ಅವರು ಜಿಂಕೆ ಹೊಡೆಯುವ ಹಕ್ಕಿಗಾಗಿ ಮಡಿದರು ಎಂದರೆ ಅವರ ಬಲಿದಾನವನ್ನು ಕಿರಿದು ಮಾಡಿದಂತಾಗುತ್ತದೆ.

ಶಿಕಾರಿಯ ಕಥೆ ಬೇರೆ. ಮೊಘಲ್ ಬಾದಶಹರಿಂದ ಬ್ರಿಟಿಷ್ ವೈಸರಾಯ್‌ಗಳವರೆಗೆ ಅದು ಅಧಿಕಾರದ ಪ್ರದರ್ಶನವಾಗಿತ್ತು. 1911ರಲ್ಲಿ ದೆಹಲಿ ದರ್ಬಾರಿಗೆಂದು ಬಂದ ದೊರೆ ಐದನೆಯ ಜಾರ್ಜ್ ನೇಪಾಳದ ತರಾಯಿ ಕಾಡಿಗೆ ಹೋದಾಗ, ಹತ್ತು ದಿನಗಳಲ್ಲಿ ಅವನ ತಂಡ 39 ಹುಲಿಗಳನ್ನು ಕೊಂದಿತು. ಅದೇ 1911ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಇಡೀ ಬ್ರಿಟಿಷ್ ಭಾರತಕ್ಕೆ ವಿಸ್ತರಿಸಲಾಯಿತು; ಬಲೆ ಹಾಕಿ, ಊರೂರು ಅಲೆದು ಬದುಕುತ್ತಿದ್ದ ನಮ್ಮ ಹರಣಶಿಕಾರಿಗಳಂಥವರು ಹುಟ್ಟಿನಿಂದಲೇ ಅಪರಾಧಿಗಳೆನಿಸಿಕೊಂಡರು. ಅದು ರದ್ದಾದದ್ದು 1952ರಲ್ಲಿ. ಒಂದೇ ಆಳ್ವಿಕೆಯಲ್ಲಿ ದೊರೆಯ ಬೇಟೆ ಪರಾಕ್ರಮವೆನಿಸಿಕೊಂಡಿತು, ಬಡವನ ಬೇಟೆ ಕಳ್ಳತನವೆನಿಸಿಕೊಂಡಿತು. ಹುಲಿಯ ಹೆಣದ ಮೇಲೆ ಕಾಲಿಟ್ಟು ತೆಗೆಸಿಕೊಂಡ ಫೋಟೋಗಳಲ್ಲಿರುವ ಶೌರ್ಯವನ್ನು ನಾಡಿನ ಗುರುತೆಂದು ಒಪ್ಪಲು ನನ್ನಿಂದಾಗದು.

1973ರಲ್ಲಿ ಹುಲಿ ಯೋಜನೆ ಆರಂಭವಾಯಿತು. ಅದುವರೆಗೆ ಸಿಂಹಕ್ಕಿದ್ದ ರಾಷ್ಟ್ರೀಯ ಪ್ರಾಣಿಯ ಸ್ಥಾನವೂ ಹುಲಿಗೆ ಬಂತು. ಜೀವಂತ ಹುಲಿಯನ್ನು ದೇಶ ತನ್ನ ಗುರುತಾಗಿ ಆರಿಸಿಕೊಂಡದ್ದು ಸರಿಯಾದ ನಿರ್ಧಾರವೆಂದೇ ನಾನು ನಂಬಿದ್ದೇನೆ.

ಆದರೂ ತಮ್ಮ ಪತ್ರದ ಒಂದು ನೋವನ್ನು ನಾನು ತಳ್ಳಿಹಾಕಲಾರೆ. ಶಿಕಾರಿ ನಿಂತಾಗ ಅರಸುಮನೆತನಗಳು ಕಳೆದುಕೊಂಡದ್ದು ಒಂದು ಹವ್ಯಾಸವನ್ನು ಮಾತ್ರ. ಬೇಟೆಯನ್ನೇ ನಂಬಿದ್ದ ಕುಟುಂಬಗಳು ಅನ್ನವನ್ನೇ ಕಳೆದುಕೊಂಡವು. ಮುಧೋಳದ ಬೇಟೆನಾಯಿಗೆ ಸೈನ್ಯ ತರಬೇತಿ ಕೊಟ್ಟು ಹೊಸ ಕೆಲಸ ಕಲಿಸಿದೆ, ಅದು ಸಂತೋಷದ ಸಂಗತಿ. ಹೆಜ್ಜೆಗುರುತು ನೋಡಿಯೇ ಪ್ರಾಣಿಯ ಜಾಡು ಹೇಳಬಲ್ಲ ಮನುಷ್ಯರ ವಿದ್ಯೆಗೂ ಅಂಥದೇ ಬೆಲೆ ಸಿಗಬೇಕು. ತಮ್ಮ ತಾಲ್ಲೂಕಿಗೂ ಚಾಚಿಕೊಂಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮದ ಕಾವಲು ಕೆಲಸದಲ್ಲಿ ಈ ಕುಟುಂಬಗಳ ಯುವಕರಿಗೆ ಮೊದಲ ಅವಕಾಶ ಸಿಗಬೇಕೆಂಬುದು ನನ್ನ ಅಭಿಪ್ರಾಯ. ಈ ವಿಷಯದಲ್ಲಿ ಅಲ್ಲಿಯ ಹಿರಿಯರನ್ನು ಮಾತನಾಡಿಸಿ ತಾವು ಬರೆದು ಕಳಿಸಿದರೆ, ಮುಂದಿನ ಸಂಚಿಕೆಯಲ್ಲಿ ಪೂರ್ಣವಾಗಿ ಪ್ರಕಟಿಸುತ್ತೇನೆ.

— ಸಂಪಾದಕ