ಒಸರುವ ಏರಿಗೆ ಸಿಮೆಂಟು ಬಳಿಯಬೇಡಿ

ಕೆರೆಗಳು ತುಂಬಿದ ವರ್ಷ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ‘ಕೆರೆಯ ಏರಿ ಒಸರುತ್ತಿದೆ, ಏನು ಮಾಡಲಿ?’ ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಊರುಗಳಿಂದ ಹೊತ್ತು ತರುತ್ತವೆ. ಸಣ್ಣ ನೀರಾವರಿಯ ಕೆಲಸದಲ್ಲೇ ಕೂದಲು ನರೆತ ಮೇಲೂ ಅದನ್ನು ಓದುವಾಗ ಸಿಟ್ಟು ಬರುತ್ತದೆ. ಏಕೆಂದರೆ ಹೆಚ್ಚಿನವರು ತಪ್ಪು ಮದ್ದು ಮಾಡಿ ಮುಗಿಸಿದ ಮೇಲೆಯೇ ಬರೆಯುತ್ತಾರೆ. ಈ ಬಾರಿ ಒಬ್ಬರು ಮೊದಲೇ ಬರೆದಿದ್ದಾರೆ. ಆದ್ದರಿಂದ ಜಾಗದ ಬಹುಪಾಲು ಅವರಿಗೆ.

ಪ್ರಶ್ನೆ: ಎರಡು ಬೇಸಿಗೆಗಳ ಹಿಂದೆ ನಮ್ಮೂರ ಕೆರೆಯ ಹೂಳು ತೆಗೆಸಿದೆವು. ಈಗ ಕೆರೆ ತುಂಬಿ ಕೋಡಿ ಬಿದ್ದಿದೆ. ನೀರು ಬಿಡುವ ತೂಬಿನಿಂದ ಸ್ವಲ್ಪ ದೂರದಲ್ಲಿ, ಅಚ್ಚುಕಟ್ಟಿನ (ಕೆರೆ ನೀರುಣ್ಣುವ ಜಮೀನಿನ) ಕಡೆಯ ಏರಿಯ ಬುಡದಲ್ಲಿ ನೀರು ಜಿನುಗುತ್ತಿದೆ. ಹೊರಗಿನಿಂದ ಕಾಂಕ್ರೀಟು ಹಾಕುತ್ತೇವೆ, ಇಲ್ಲವೇ ಏರಿಗೆ ರಂಧ್ರ ಕೊರೆದು ಸಿಮೆಂಟು ಹಾಲು ತುಂಬುತ್ತೇವೆ ಎಂದು ಗುತ್ತಿಗೆದಾರರೊಬ್ಬರು ಹೇಳುತ್ತಿದ್ದಾರೆ. ಯಾವುದು ಒಳ್ಳೆಯದು? (ಶಿರಾ ತಾಲ್ಲೂಕಿನ ರೈತರು)

ಎರಡೂ ಬೇಡ. ಮಣ್ಣಿನ ಏರಿ ಎಂದ ಮೇಲೆ ಒಂದಿಷ್ಟು ನೀರು ಅದರೊಳಗಿಂದ ಹಾದು ಬಂದೇ ಬರುತ್ತದೆ. ನಾವು ತಡೆಯಬೇಕಾದದ್ದು ನೀರನ್ನಲ್ಲ, ನೀರಿನ ಜೊತೆ ಹೊರಡುವ ಮಣ್ಣನ್ನು. ಹೊರಮೈಗೆ ಕಾಂಕ್ರೀಟು ಬಳಿದರೆ ಹೊರಬರುತ್ತಿದ್ದ ನೀರು ಒಳಗೇ ನಿಂತು ಏರಿಯನ್ನು ನೆನೆಸುತ್ತದೆ, ಒತ್ತಡ ಹೆಚ್ಚಿಸಿಕೊಳ್ಳುತ್ತದೆ, ಕೊನೆಗೆ ಇನ್ನೂ ಮೇಲಿನ ಜಾಗದಲ್ಲಿ ದಾರಿ ಹುಡುಕಿಕೊಳ್ಳುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಇಂಥದೊಂದು ಒಸರಿಗೆ ಜೇಡಿಮಣ್ಣು ಮೆತ್ತಿಸಿ, ಮೇಲೆ ಕಲ್ಲು ಕಟ್ಟಿಸಿ, ಊರವರಿಂದ ಹಾರ ಹಾಕಿಸಿಕೊಂಡೆ. ಹದಿನೈದು ದಿನಕ್ಕೆ ಆ ಕಲ್ಲುಕಟ್ಟಡದ ಎರಡಾಳು ಮೇಲೆ ಏರಿ ಒದ್ದೆಯಾಗಿ, ಮಣ್ಣು ಹೋಳಾಗಿ ಜಾರಿತು. ಅಂದಿನಿಂದ ಹಾರ ಕಂಡರೆ ಹೆದರುತ್ತೇನೆ.

ಇನ್ನು ಸಿಮೆಂಟು ಹಾಲಿನ ಮಾತು. ಒತ್ತಡದಲ್ಲಿ ನೂಕಿದ ಹಾಲು ಬಂಡೆಯ ಬಿರುಕಿನಲ್ಲಿ ಕೂರುವಂತೆ ಮಣ್ಣಿನಲ್ಲಿ ಕೂರುವುದಿಲ್ಲ. ಒತ್ತಡ ತುಸು ಹೆಚ್ಚಾದರೆ ಏರಿಯನ್ನೇ ಒಳಗಿಂದ ಸೀಳುತ್ತದೆ. ತುಂಬಿ ನಿಂತ ಕೆರೆಯ ಏರಿಯ ಮೇಲೆ ಕೊರೆಯುವ ಯಂತ್ರ ಹತ್ತಿಸುವವರನ್ನು, ಅವರು ಎಷ್ಟೇ ಕಡಿಮೆ ದರ ಹೇಳಲಿ, ಊರ ಹೊರಗೇ ನಿಲ್ಲಿಸಿ.

ಮೊದಲು ಒಂದು ಗಾಜಿನ ಲೋಟದಲ್ಲಿ ಒಸರುನೀರನ್ನು ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡಿ. ನೀರು ತಿಳಿಯಾಗಿದ್ದು ತಳ ಚೊಕ್ಕವಾಗಿದ್ದರೆ ಇವತ್ತಿನ ಮಟ್ಟಿಗೆ ಗಾಬರಿ ಇಲ್ಲ. ತಳದಲ್ಲಿ ನುಣುಪು ಮಣ್ಣು ಕೂತಿದ್ದರೆ, ಅಥವಾ ಒಸರಿನ ಬಾಯಲ್ಲಿ ಇರುವೆಗೂಡಿನಂತೆ ಮರಳು ಗುಪ್ಪೆಗಟ್ಟುತ್ತಿದ್ದರೆ, ಏರಿಯೊಳಗೆ ನೀರು ಬುಡದಿಂದ ಕೆರೆಯ ಕಡೆಗೆ ಹಿಂದಕ್ಕೆ ಹಿಂದಕ್ಕೆ ಸುರಂಗ ಕೊರೆಯುತ್ತಿದೆ ಎಂದು ತಿಳಿಯಿರಿ. ಅಮೆರಿಕದ ಐಡಾಹೊದಲ್ಲಿ 93 ಮೀಟರ್ ಎತ್ತರದ ಟೀಟನ್ ಅಣೆಕಟ್ಟು 1976ರ ಜೂನ್ 5ರಂದು, ಅದೂ ಮೊದಲ ಸಲ ತುಂಬುತ್ತಿದ್ದಾಗ, ಬೆಳಿಗ್ಗೆ ಕೆಸರು ನೀರು ಕಾರಿ ಮಧ್ಯಾಹ್ನದ ಹನ್ನೆರಡಕ್ಕೆ ಮುಂಚೆ ಒಡೆಯಿತು. ತೂತಿಗೆ ಮಣ್ಣು ತಳ್ಳಲು ಹೋದ ಬುಲ್ಡೋಜರುಗಳನ್ನೂ ಅದೇ ತೂತು ನುಂಗಿತು.

ಮಾಡಬೇಕಾದದ್ದು ಇದು. ಒಸರಿನ ಮೇಲೆ, ಸುತ್ತಲೂ ಎರಡು ಮೂರು ಅಡಿ ಹರಡುವಂತೆ, ಮೊದಲು ಅರ್ಧ ಅಡಿ ದಪ್ಪದ ತೊಳೆದ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಭಾರಕ್ಕೆ ಕಾಡುಗಲ್ಲು. ನದಿ ಮರಳು ಸಿಗದಿದ್ದರೆ ತೊಳೆದ ಎಂ-ಸ್ಯಾಂಡ್ ಆದೀತು, ಕ್ರಷರ್ ಪುಡಿ ಖಂಡಿತ ಬೇಡ. ಈ ಕ್ರಮ ತಲೆಕೆಳಗಾದರೆ ಪ್ರಯೋಜನವಿಲ್ಲ: ಮಣ್ಣನ್ನು ಹಿಡಿಯುವುದು ಮರಳು, ಮರಳನ್ನು ಹಿಡಿಯುವುದು ಜಲ್ಲಿ. ಹೊರಬಂದ ನೀರನ್ನು ಕಾಲುವೆಗೆ ಬಿಟ್ಟು, ಅಡ್ಡಲಾಗಿ 90 ಡಿಗ್ರಿಯ ‘ವಿ’ ಕಚ್ಚು ಕತ್ತರಿಸಿದ ತಗಡೊಂದನ್ನು ನಿಲ್ಲಿಸಿ, ಕಚ್ಚಿನ ಕೆಳತುದಿಯಿಂದ ನೀರಿನ ಎತ್ತರವನ್ನು, ತಗಡಿನಿಂದ ತುಸು ಹಿಂದೆ ಸರಿದು, ದಿನವೂ ಅಳೆಯಿರಿ. ಎತ್ತರ 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರು, 10 ಸೆಂ.ಮೀ. ಇದ್ದರೆ ನಾಲ್ಕು ಲೀಟರಿಗೂ ಹೆಚ್ಚು. ಕೆರೆಯ ಮಟ್ಟ ಏರದೆಯೇ ಈ ಅಂಕಿ ಏರುತ್ತಿದ್ದರೆ ತೂಬು ಎತ್ತಿ ನೀರು ಇಳಿಸಿ. ಆದರೆ ಒಸರು ಇನ್ನೂ ತಿಳಿಯಾಗಿದ್ದರೆ ನಿಧಾನವಾಗಿ, ಏಕೆಂದರೆ ನೀರು ಸರ್ರನೆ ಇಳಿದರೆ ಕೆರೆಯಂಗಳದ ಕಡೆಯ ಇಳಿಜಾರು ಜಾರಬಹುದು. ಕೆಸರು ಕಾರುತ್ತಿದ್ದರೆ ಈ ಲೆಕ್ಕಾಚಾರ ಬಿಡಿ, ಕೆಳಗಿನ ಮನೆಗಳನ್ನು ಮೊದಲು ತೆರವು ಮಾಡಿಸಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಹೂಳು ತೆಗೆಸಿದೆವು’ ಎಂಬಲ್ಲಿ. ಎಷ್ಟೋ ವರ್ಷ ಏರಿಯ ಒಳಬುಡದಲ್ಲಿ ಕೂತ ಜೇಡಿಹೂಳು ಕಂಬಳಿ ಹೊದಿಸಿದಂತೆ ನೀರು ಇಂಗದ ಹಾಗೆ ಹಿಡಿದಿರುತ್ತದೆ. ಇಟ್ಟಿಗೆ ಗೂಡಿನವರಿಗೆ ಅದೇ ಮಣ್ಣು ಇಷ್ಟ, ಜೆಸಿಬಿಗೆ ಏರಿಯ ಪಕ್ಕ ಅಗೆಯುವುದು ಸುಲಭ. ಒಸರು ಎಲ್ಲಿದೆಯೋ ಅದರ ಎದುರಿನ ಒಳಬುಡದಲ್ಲಿ ಗುಂಡಿ ತೋಡಿದ್ದರೇ ಎಂದು ಕೆರೆಯ ನೀರು ಬಿಡುವ ನೀರಗಂಟಿಯವರನ್ನು ಕೇಳಿ. ತೋಡಿದ್ದರೆ, ಕೆರೆ ಒಣಗಿದಾಗ ಅದನ್ನು ಜೇಡಿಮಣ್ಣಿನಿಂದ ಪದರ ಪದರವಾಗಿ ದಮ್ಮಸ್ಸು ಮಾಡಿ (ಬಡಿದು ಗಟ್ಟಿಮಾಡಿ) ತುಂಬಿಸುವುದೇ ಶಾಶ್ವತ ಪರಿಹಾರ. ಅಚ್ಚುಕಟ್ಟು 40 ಹೆಕ್ಟೇರು ಮೀರಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯಿದ್ದರೆ ಜಿಲ್ಲಾ ಪಂಚಾಯಿತಿಗೆ ಲಿಖಿತವಾಗಿ, ಅಳತೆಯ ಪಟ್ಟಿಯೊಂದಿಗೆ, ಇವತ್ತೇ ಕೊಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್ ಎತ್ತರ ಮೀರಿದ ಅಣೆಕಟ್ಟುಗಳಿಗೂ, 10ರಿಂದ 15 ಮೀಟರಿನ ಕೆಲವಕ್ಕೂ ಮಾತ್ರ ಅನ್ವಯಿಸುವುದರಿಂದ ನಿಮ್ಮೂರ ಕೆರೆಯನ್ನು ಅದು ಕಾಯುತ್ತದೆ ಎಂದು ಕೂರಬೇಡಿ.

ಪ್ರಶ್ನೆ: ಏಡಿಗಳು ಏರಿ ಒಡೆಯುತ್ತವೆಯೇ?

ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದಾಗ ಮಂತ್ರಿಯೊಬ್ಬರು ಏಡಿಗಳ ಮೇಲೆ ಹೊರೆ ಹೊರಿಸಿದ್ದರು. ಸೋರಿಕೆಯ ಬಗ್ಗೆ ಮೊದಲೇ ದೂರಿದ್ದೆವು ಎಂದು ಊರವರು ಹೇಳಿದರು. ಏಡಿಬಿಲ ಮುಚ್ಚಿಸಿ, ಆದರೆ ಅದನ್ನು ಕಾರಣವಾಗಿ ಬರೆಯುವ ವರದಿಯನ್ನು ನಂಬಬೇಡಿ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ಸೋರುವ ಜಾಗ ತೋರಿಸುವವರನ್ನು ಕರೆಸಬಹುದೇ?

ನಿಮ್ಮ ಕಣ್ಣಿಗೇ ಕಾಣುತ್ತಿರುವ ಒದ್ದೆ ಜಾಗ ತೋರಿಸಲು ಕಾಯಿ ಏಕೆ?

ಪ್ರಶ್ನೆ: ಏರಿಯ ಮೇಲಿನ ದೊಡ್ಡ ಜಾಲಿಮರಗಳನ್ನು ಬುಡಸಮೇತ ಕೀಳಿಸಬೇಕೇ?

ಕೆರೆ ತುಂಬಿರುವಾಗ ಬೇಡವೇ ಬೇಡ. ಬೇಸಿಗೆಯಲ್ಲಿ ಕಿತ್ತರೆ ಬೇರಿನ ಗುಂಡಿಯನ್ನು ಅದೇ ವಾರ ದಮ್ಮಸ್ಸು ಮಾಡಿ ತುಂಬಿಸಿ. ಸಸಿಯಿರುವಾಗಲೇ ಕಿತ್ತಿದ್ದರೆ ಈ ಪತ್ರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಪ್ರಶ್ನೆ: ಕೋಡಿಯ ಮೇಲೆ ಮರಳಿನ ಚೀಲ ಪೇರಿಸಿ ಒಂದಡಿ ನೀರು ಹೆಚ್ಚು ನಿಲ್ಲಿಸಿದ್ದೇವೆ. ತಪ್ಪೇ?

ತಪ್ಪು. ಈ ಸಂಜೆಯೊಳಗೆ ತೆಗೆಯಿರಿ.